ವಲ್ಲಿ ಬಿಗಿದುಕೊಂಡ ಮೇಷ್ಟ್ರು

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಒಂದು ಸಂತೆಯ ದಿನ ನಮ್ಮ ಪುಟ್ಟಬಸಪ್ಪ ಮೇಷ್ಟ್ರು ದರ್ಜಿಯ ಮಿಷನ್ನಿನ ಮುಂದೆ ಕೂತಿದ್ದರು. ತಲೆಗೆ ರುಮಾಲು, ಮೈಗೆ ಕರಿ ಕೋಟು, ಹಣೆಗೆ ವಿಭೂತಿ, ಎಲ್ಲ ಇಸ್ಕೂಲಿಗೆ ಬರುವ ಹಾಗೆಯೇ. ಎಡಗಾಲನ್ನು ಮಾತ್ರ ಹೆಗಲ ಮೇಲಿನ ವಲ್ಲಿಯಿಂದ ಬಿಗಿದು ಕುರ್ಚಿಗೆ ಕಟ್ಟಿಕೊಂಡು, ಒಂದೇ ಕಾಲಿನಲ್ಲಿ ಮಿಷನ್ ತುಳಿಯುತ್ತಿದ್ದರು. ಸಂತೆಗೆ ಬಂದವರು ನಿಂತು ನೋಡತೊಡಗಿದರು. ಕಾಲಿಗೆ ಬಟ್ಟೆ ಬಿಗಿದದ್ದು ಕಂಡು ಯಾರೋ ಹೆಂಗಸು, "ಅಯ್ಯೋ, ಮೇಷ್ಟ್ರಿಗೆ ಆವು ಕಚ್ಬುಟ್ಟದೆ ಬನ್ರಪ್ಪೋ!" ಎಂದು ಕೂಗಿಕೊಂಡಳು. ಒಬ್ಬ ಬೇವಿನಸೊಪ್ಪು ಕಿತ್ತು ತಂದೇಬಿಟ್ಟ.

ಮೇಷ್ಟ್ರು ತುಳಿಯುವುದನ್ನು ನಿಲ್ಲಿಸಲಿಲ್ಲ. "ಆವೂ ಇಲ್ಲ, ಚೇಳೂ ಇಲ್ಲ. ಓಗ್ರಪ್ಪಾ ನಿಮ್ ನಿಮ್ ಯಾಪಾರಕ್ಕೆ. ಸಿದ್ದನಿಗೆ ಕೆಲ್ಸ ನೋಡ್ತಾ ಇವ್ನಿ."

ಸಿದ್ದ ನನ್ನ ಜೊತೆ ಓದುತ್ತಿದ್ದವನು. ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಎಡಗಾಲು ಕಡ್ಡಿಯ ಹಾಗೆ ಒಣಗಿಹೋಗಿತ್ತು. ಆವತ್ತು ಸಂಜೆಯವರೆಗೆ ತುಳಿದು, ಒಂದು ದಿಂಬಿನ ಚೀಲವನ್ನು ಸೊಟ್ಟಗೆ ಹೊಲಿದು, ಮೇಷ್ಟ್ರು ದರ್ಜಿಗೆ ಹೇಳಿದರು: "ಆಯ್ತದೆ ಕಣಯ್ಯಾ. ನನ್ ಹೊಲ್ಗೆ ನೋಡ್ಬೇಡ, ಕಾಲ್ ನೋಡು." ಮುಂದಿನ ವಾರದಿಂದ ಸಿದ್ದ ಅದೇ ಕುರ್ಚಿಯಲ್ಲಿ ಕೂತ.

ಮೇಷ್ಟ್ರ ರೀತಿಯೇ ಅದು. ಮಿಡ್ಲಿಸ್ಕೂಲು ಮುಗಿಸಿದ ಮೇಲೆ ಕುಂಟನೋ ಕಿವುಡನೋ ಆದ ಹುಡುಗ ಜಗಲಿಯಲ್ಲಿ ಕೂತು ಕಣದ ಗುಬ್ಬಿ ಓಡಿಸುತ್ತಾನೆ ಅಂದರೆ ಅವರಿಗೆ ತಡೆಯುತ್ತಿರಲಿಲ್ಲ. "ಗುಬ್ಬಿ ಓಡ್ಸಾಕೆ ಬೆದರುಬೊಂಬೆ ಸಾಕು. ಅದಕ್ಕೆ ನಾನ್ಯಾಕೆ ವ್ಯಾಕರಣ ಯೋಳ್ಕೊಡ್ಬೇಕಾಗಿತ್ತು?" ಎಂದು ಸಿಡುಕುವರು. ಹಾಗೆಂದು ಯಾರ ಮುಂದೆಯೂ ಹಲ್ಲು ಗಿಂಜಿ ಕೆಲಸ ಕೇಳಿದವರಲ್ಲ. ಮೊದಲು ತಾವೇ ಮಾಡಿ ನೋಡಬೇಕು, ಆಮೇಲೆ ಕೇಳಬೇಕು. ಕಿವುಡ ಹುಡುಗನೊಬ್ಬನಿಗಾಗಿ ಅರಕಲಗೂಡಿನ ಒಬ್ಬ ಗಾಡಿ ಬಡಗಿಯ ಹತ್ತಿರ ಕಿವಿಗೆ ಹತ್ತಿ ತುರುಕಿಕೊಂಡು ದಿನವೆಲ್ಲ ಚಕ್ರದ ಅರೆಕಾಲು ಕೆತ್ತಿದ್ದರಂತೆ. ಊಟಕ್ಕೆ ಕರೆದದ್ದು ಕೇಳಿಸದೆ ಉಪವಾಸ ಉಳಿದಿದ್ದರಂತೆ. ಮನೆಯಲ್ಲಿ ಮೇಷ್ಟ್ರ ಹೆಂಡತಿ ಅಮ್ಮಾವರು, "ನಮ್ಮೋರ್ಗೆ ಇರೋ ಕೈಕಾಲು ಎಚ್ಚಾಗ್ಬುಟ್ಟದೆ" ಎಂದು ಗೊಣಗುತ್ತಲೇ ವಲ್ಲಿ ಒಗೆದು ಹಾಕುತ್ತಿದ್ದರು.

ನನ್ನ ಸರದಿ ಬಂದದ್ದು ಯುದ್ಧದ ಕಾಲದಲ್ಲಿ. ಎಂಟು ವರ್ಷದವನಿದ್ದಾಗ ಆಲೆಮನೆಯ ಗಾಣಕ್ಕೆ ಕಬ್ಬಿನ ಜೊತೆ ನನ್ನ ಬಲಗೈಯೂ ಹೋಗಿತ್ತು. ಮೊಣಕೈಯಿಂದ ನಾಲ್ಕು ಬೆರಳಗಲ ಕೆಳಗಿನವರೆಗೆ ಉಳಿದಿತ್ತು. ಲೋಯರ್ ಸೆಕೆಂಡರಿ ಪಾಸಾದ ಸುದ್ದಿ ಕೇಳಿ ಅಪ್ಪ ಮೇಷ್ಟ್ರಿಗೆ ಒಂದು ಬುಟ್ಟಿ ಬದನೆಕಾಯಿ ಕೊಟ್ಟು ಕೈಮುಗಿದರು. "ಓದ್ಸಿದ್ದು ಸಾಕು ಬುಡಿ ಸಾ. ಕೈ ಇಲ್ದೋನ್ಗೆ ಯಾರು ಕೆಲ್ಸ ಕೊಟ್ಟಾರು? ನಾವಿರೋಗಂಟ ನಾವು, ಆಮ್ಯಾಕೆ ಅವರಣ್ಣ ಒಂದು ತುತ್ತು ಆಕ್ತಾನೆ." ನನ್ನ ಅಣ್ಣ ಒಳ್ಳೆಯವನೇ. ಆದರೂ ಆ ತುತ್ತು ನನಗೆ ಬೇಡವಾಗಿತ್ತು. ಮೇಷ್ಟ್ರು ಬದನೆಕಾಯಿ ಇಟ್ಟುಕೊಂಡು, "ಒಂದ್ ವಾರ ಉಡುಗನ್ನ ನಂತಾವ ಬುಡಪ್ಪ" ಎಂದರು.

ಹಾಸನದಲ್ಲಿ ರುದ್ರಪ್ಪ ಸಾಹುಕಾರರ ದಿನಸಿ ಅಂಗಡಿಗೆ ಲೆಕ್ಕ ಬಲ್ಲ ಆಳು ಬೇಕಾಗಿತ್ತು. ಆದರೆ ಅಲ್ಲಿ ಲೆಕ್ಕಕ್ಕಿಂತ ಪೊಟ್ಟಣ ಕಟ್ಟುವ ಕೆಲಸವೇ ಜಾಸ್ತಿ. ಮೇಲಿನ ತೊಲೆಯಿಂದ ದಾರದ ಉಂಡೆ ತೂಗುತ್ತಿತ್ತು. ಮೇಷ್ಟ್ರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಬಲಗೈಯನ್ನು ಬೆನ್ನಹಿಂದೆ ವಲ್ಲಿಯಿಂದ ಬಿಗಿಸಿಕೊಂಡು, ಹುರಿಗಡಲೆ ಕಟ್ಟಲು ನಿಂತರು. ಕಾಗದ ಒಂದು ಕಡೆ ಮಡಿಸಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಕಡಲೆ ಅಂಗಡಿಯೆಲ್ಲ ಉರುಳಿತು. ಬೆವರಿಳಿಯಿತು. ಕೊನೆಗೆ ಬೇರೆ ದಾರಿ ಕಾಣದೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು.

ಸಾಹುಕಾರರು ಗದ್ದುಗೆಯಿಂದ ಎದ್ದುಬಿಟ್ಟರು. "ಮೇಷ್ಟ್ರೇ, ಏನಿದು! ಎಂಜ್ಲು ದಾರ ಸುತ್ತಿದ ಕಡ್ಲೇನ ದೇವ್ರಿಗೆ ಇಡ್ತಾರಾ ಜನ? ನನ್ ಅಂಗ್ಡಿ ಬಾಗ್ಲು ಮುಚ್ಚುಸ್ತೀರಾ?"

ಅಂಗಡಿಯಲ್ಲಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಮೇಷ್ಟ್ರು ತಲೆತಗ್ಗಿಸಿ ವಲ್ಲಿ ಬಿಚ್ಚಿಸಿಕೊಂಡರು. "ನಿಜ ಸಾವ್ಕಾರ್ರೇ. ಇದು ಒಂದ್ ಕೈಲಿ ಆಗೋ ಕೆಲ್ಸ ಅಲ್ಲ" ಅಂದರು. ಮುಗಿಯಿತು. ನನ್ನ ಕೆಲಸ ನನ್ನನ್ನು ಕೇಳದೆಯೇ ಹೋಯಿತು.

ಬಸ್ಸಿನ ಹತ್ತಿರ ಬಂದೆವು. ಪೆಟ್ರೋಲಿನ ಬರಕ್ಕೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಕ್ಲೀನರ್ ಹಿಂದಿನ ಒಲೆಯ ತಿದಿ ತಿರುಗಿಸುತ್ತಿದ್ದ, ಅದು ಕೆಮ್ಮುತ್ತಿತ್ತೇ ಹೊರತು ಹೊರಡುವ ಲಕ್ಷಣವಿರಲಿಲ್ಲ. ಮೇಷ್ಟ್ರು ಮರದ ಕೆಳಗೆ ಕೂತು, "ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಚಿಕ್ಕ, ಬೇರೆ ಏನಾರ ನೋಡಾಣ" ಎಂದರು. ನಾನು ಬೇಜಾರು ಮಾಡಿಕೊಂಡಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಮೇಷ್ಟ್ರ ಮೇಲೆ ಸಿಟ್ಟು ಬರಬಹುದೆಂದು ನನಗೆ ಆವತ್ತೇ ಗೊತ್ತಾದದ್ದು.

"ಸಾ, ನೀವು ಕಟ್ಟಿದ್ದು ಜಾಸ್ತಿ ಆಯ್ತು."

"ಏನಂದೆ?"

ಅಂಗಿಯ ತೋಳು ಮೇಲೆ ಸರಿಸಿ ನನ್ನ ಮೊಂಡುಗೈಯನ್ನು ಅವರ ಮೂಗಿನ ಮುಂದೆ ಹಿಡಿದೆ. "ನಂಗೆ ಇಷ್ಟು ಅದೆ ಸಾ. ನೀವು ಪೂರಾ ಕಟ್ಟಾಕ್ಬುಟ್ರಿ. ಇದನ್ನ ಲೆಕ್ಕಕ್ಕೇ ಇಡ್ಲಿಲ್ಲ."

ಮೇಷ್ಟ್ರು ಆ ಮೊಂಡನ್ನೇ ನೋಡುತ್ತ ಕೂತರು. ನಾಲ್ಕು ವರ್ಷ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದವರು, ಅದನ್ನು ಆವತ್ತೇ ಮೊದಲ ಸಲ ನೋಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಎದ್ದು ಪಂಚೆ ಕೊಡವಿಕೊಂಡರು. "ನಡಿಯಲಾ. ಈ ಬಸ್ಸು ಎಲ್ಲೂ ಓಗಾಕಿಲ್ಲ."

ನಮ್ಮನ್ನು ಮತ್ತೆ ಕಂಡು ಸಾಹುಕಾರರು ಹಣೆ ಚಚ್ಚಿಕೊಂಡರು. ಮೇಷ್ಟ್ರು ಬಾಗಿಲಲ್ಲೇ ನಿಂತು, "ಪರೀಕ್ಸೇಲಿ ನಾನು ಫೇಲು ಸಾವ್ಕಾರ್ರೇ, ಇವನಲ್ಲ" ಅಂದರು. ನಾನು ಕಾಗದ ಹಾಸಿ ಕಡಲೆ ಸುರಿದೆ. ಮಡಿಸಿದ ಮಗ್ಗುಲಿನ ಮೇಲೆ ಮೊಂಡನ್ನು ಒತ್ತಿ ಹಿಡಿದು ಇನ್ನೊಂದು ಮಗ್ಗುಲು ಮಡಿಸಿದೆ. ತೂಗುವ ದಾರದ ತುದಿಯನ್ನು ಪೊಟ್ಟಣಕ್ಕೆ ಒತ್ತಿಕೊಂಡು, ದಾರವನ್ನು ಸುತ್ತುವ ಬದಲು ಪೊಟ್ಟಣವನ್ನೇ ತಿರುಗಿಸಿದೆ. ದಾರ ತಾನಾಗಿ ಸುತ್ತಿಕೊಂಡಿತು. ಬೆರಳಿಗೆ ಸುತ್ತಿ ಚಟಕ್ಕನೆ ಕಿತ್ತು ತುದಿ ಸಿಕ್ಕಿಸಿದೆ. ಪೊಟ್ಟಣದ ಮೂಲೆ ಸೊಟ್ಟಗಿತ್ತು. ಸಾಹುಕಾರರು ಎತ್ತಿ ಅಲ್ಲಾಡಿಸಿ ನೋಡಿದರು. ಒಂದು ಕಾಳೂ ಬೀಳಲಿಲ್ಲ.

"ನಾಳೆಯಿಂದ ಬರ್ಲಿ," ಎಂದರು. "ಆದ್ರೆ ನೀವ್ ಬರ್ಬೇಡಿ ಮೇಷ್ಟ್ರೇ. ಕಡ್ಲೆ ದಂಡ."

ಅಲ್ಲಿಂದಾಚೆ ಮೇಷ್ಟ್ರು ವಲ್ಲಿ ಬಿಗಿದುಕೊಳ್ಳುವುದನ್ನು ಬಿಡಲಿಲ್ಲ. ಆದರೆ ಬಿಗಿಯುವ ಮೊದಲು ಹುಡುಗನನ್ನು ಎದುರಿಗೆ ಕೂರಿಸಿಕೊಂಡು, "ಏನಿಲ್ಲ ಅನ್ನೋದು ಊರಿಗೇ ಗೊತ್ತು. ಏನದೆ, ಅದ್ನ ಯೋಳು" ಎಂದು ಕೇಳುತ್ತಿದ್ದರು.

ರಿಟೈರಾದ ಮೇಲೆ ಅವರು ನುಗ್ಗೇಹಳ್ಳಿಯ ಕಡೆಯ ತಮ್ಮ ಊರು ಸೇರಿದರು. ಯುದ್ಧ ಮುಗಿದು ಕೆಲವು ವರ್ಷಕ್ಕೆ ಅವರಿಗೆ ಲಕ್ವ ಹೊಡೆದ ಸುದ್ದಿ ಬಂತು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹೋದೆ. ನಾನೇ ಕಟ್ಟಿದ ಒಣದ್ರಾಕ್ಷಿಯ ಪೊಟ್ಟಣ ಒಯ್ದಿದ್ದೆ. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅಮ್ಮಾವರು ಪೊಟ್ಟಣ ಬಿಚ್ಚಲು ಬಂದರೆ ಬೇಡವೆಂದು, ಎಡಗೈಯಲ್ಲಿ ತಾವೇ ಎಳೆದಾಡಿದರು. ಅದು ಜಾರಿ ಜಾರಿ ಹೋಯಿತು.

ಮಾತು ತೊದಲುತ್ತಿತ್ತು. "ಚಿಕ್ಕ... ಈ ಸಲ... ಕಟ್ಟಿದ್ದು ಜಾಸ್ತಿ ಆಗ್ಬುಟ್ಟದೆ ಕಣ್ಲಾ." ನಗಲು ನೋಡಿದರು, ಅರ್ಧ ಮುಖ ಮಾತ್ರ ನಕ್ಕಿತು.

ನಾನು ಹತ್ತಿರ ಸರಿದು ಅವರ ಆ ಬಲಗೈಯನ್ನು ಎತ್ತಿ ಪೊಟ್ಟಣದ ಮೇಲೆ ಇಟ್ಟೆ. "ಇದಕ್ಕೆ ಭಾರ ಅದೆ ಸಾ. ಅಷ್ಟು ಸಾಕು. ಈಗ ಎಳೀರಿ."

ದಾರ ಬಿಚ್ಚಿಕೊಂಡಿತು. ಮೇಷ್ಟ್ರು ತಮ್ಮ ಸತ್ತ ಕೈಯನ್ನು ಬಹಳ ಹೊತ್ತು ನೋಡಿದರು, ಆವತ್ತು ಮರದ ಕೆಳಗೆ ನನ್ನ ಕೈಯನ್ನು ನೋಡಿದ ಹಾಗೆಯೇ. ಮೊದಲ ದ್ರಾಕ್ಷಿಯನ್ನು ನನ್ನ ಬಾಯಿಗೆ ಇಟ್ಟರು.

ಆ ವರ್ಷದ ಯುಗಾದಿಗೆ ಅವರು ಇರಲಿಲ್ಲ. ಅಮ್ಮಾವರು ಹೇಳಿಕಳಿಸಿದ್ದರು: ಕೊನೆಯ ದಿನದವರೆಗೆ ಎಲೆಯಡಿಕೆ ಚೀಲದ ದಾರವನ್ನು ತಾವೇ ಬಿಚ್ಚಿಕೊಳ್ಳುತ್ತಿದ್ದರಂತೆ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲವಂತೆ.