ಹಾಡುವ ಹೊಲಿಗೆ ಮಿಷನ್

ಯಾವ ವಸ್ತು ಕಂಡರೂ ಮೊದಲು ಬೋರಲು ಹಾಕಿ ನೋಡುವುದು ಟೈಲರನ ಹುಟ್ಟುಗುಣ. ಮದುವೆಯ ದಿನವೇ ತನ್ನ ಕೋಟು ಬಿಚ್ಚಿ, ಒಳಹೊರಗು ಮಾಡಿ ಹೊಲಿಗೆ ನೋಡಿದ್ದನಂತೆ. ಅಂಥವನ ಅಂಗಡಿಗೆ ಹೆಂಡತಿಯ ತಮ್ಮ ಹೊಸ ಹೊಲಿಗೆ ಮಿಷನ್ ತಂದಿಟ್ಟರೆ ಕೇಳಬೇಕೆ?

ಒಂದು ಗುಂಡಿ ಒತ್ತಿದರೆ ನೀಲಿ ದೀಪ, ಇನ್ನೊಂದಕ್ಕೆ ಹಾಡು, ಮತ್ತೊಂದಕ್ಕೆ ಬಟ್ಟೆಯ ತುಂಬ ಬಾತುಕೋಳಿ.

"ನೂರಿಪ್ಪತ್ತು ಥರ ಹೊಲಿಗೆ, ಭಾವ! ಇದರ ಬದಲಿಗೆ ಆ ಹಳೇ ಕರೀ ಮಿಷನ್ ಕೊಟ್ಬಿಡಿ. ಸಂಜೆ ಗಾಡಿ ಬರುತ್ತೆ, ಒಯ್ತಾರೆ."

"ಬಾತುಕೋಳಿ ಯಾರಿಗೆ ಬೇಕೋ? ನಿನ್ನ ಪ್ಯಾಂಟಿನ ಹಿಂದಕ್ಕೆ ಹೊಲೀಲಾ?"

ಮಗಳು ನಗಲಿಲ್ಲ. ಬಸ್ಸಿನಿಂದ ಬಿದ್ದಮೇಲೆ ಅವಳ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಹಳೆಯದರ ಪೆಡಲು ತುಳಿಯುವುದು ಆಗದ ಮಾತು. ಈಗ ಮೊದಲ ಸಲ ಅವಳ ಹೆಸರಿಗೇ ಕೆಲಸ ಸಿಕ್ಕಿತ್ತು: ಕಾರ್ಖಾನೆಯವರಿಗೆ ನಲವತ್ತು ದಪ್ಪ ಪ್ಯಾಂಟು. ಮಿಷನ್ ಕೈಕೊಟ್ಟರೆ ಅದೂ ಹೋಯಿತು.

ಟೈಲರು ದಾರ ಪೋಣಿಸದೆ ಬರೀ ಸೂಜಿಯನ್ನು ಕಾಗದದ ಮೇಲೆ ಓಡಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಹೊಸ ಮಿಷನ್ನಿಗೆ ಅವನ ಪರೀಕ್ಷೆ ಅದು. ತೂತುಗಳು ನೆಟ್ಟಗಿದ್ದವು. ಅವನ ಅನುಮಾನ ಇನ್ನೂ ಏರಿತು. ಪ್ಯಾಂಟಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೂಜಿಯಡಿ ತಳ್ಳಿದ. ಮಿಷನ್ ಕುಂಯ್ ಎಂದಿತು, ದೀಪ ಮಿನುಗಿತು, ಸೂಜಿ ಪಟ್ಟನೆ ಮುರಿಯಿತು. ಆಮೇಲೆ ಹಾಡು ಶುರುವಾಯಿತು.

"ನೋಡೋ! ಸೂಜಿ ಸತ್ತಿದ್ದಕ್ಕೆ ಸಂಗೀತ ಬೇರೆ!"

"ಇದು ತೆಳು ಬಟ್ಟೆಗೆ, ಭಾವ..."

"ಅದನ್ನ ಮೊದಲೇ ಬೊಗಳೋಕೆ ನಿಂಗೇನಾಗಿತ್ತು?"

"ಸಾಕಪ್ಪ ಕೂಗಾಡಿದ್ದು," ಎಂದಳು ಮಗಳು. "ಹಾಡೂ ಬೇಡ, ಬಾತುಕೋಳೀನೂ ಬೇಡ. ನನ್ನ ಕಾಲಿನ ಕೆಲಸ ಮಾಡೋ ಮೋಟರ್ ಒಂದಿದ್ರೆ ಸಾಕು."

ಟೈಲರು ಹಳೆಯದರ ಮುಂದೆ ಬಗ್ಗಿ ನೋಡಿದ. ಹಳೆಯ ಮಿಷನ್ನಿನ ಚಕ್ರದ ಕೆಳಗೆ ಮೋಟರ್ ಕೂರಿಸುವ ತೂತು ಮೊದಲಿಂದಲೂ ಇತ್ತು. ಇಪ್ಪತ್ತು ವರ್ಷ ಅವನು ಅದರಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿಸಿಟ್ಟಿದ್ದ.

"ಲೋ, ಈ ಹಾಡುಗಾರ್ತೀನ ಎತ್ಕೊಂಡು ಹೋಗು. ಅದರ ಬದಲು ಮೋಟರ್ ತಾ. ಬಾಯಿಲ್ಲದ್ದು ನೋಡಿ ತಾ."

ಗಾಡಿ ಬರುವಷ್ಟರಲ್ಲಿ ಮೋಟರ್ ಕೂತಿತ್ತು. ಮಗಳು ನೆಲದ ಮೇಲಿಟ್ಟ ಅದರ ಸ್ವಿಚ್ಚನ್ನು ಎಡಗಾಲಿನ ತುದಿಯಿಂದ ಮೆಲ್ಲಗೆ ಒತ್ತಿದಳು. ನಾಲ್ಕು ಮಡಿಕೆಯ ಬಟ್ಟೆ ಸೂಜಿಯಡಿ ಸರಾಗವಾಗಿ ಸರಿಯಿತು. ಭಾವಮೈದ ಹೊಸದನ್ನು ಗಾಡಿಗೆ ಏರಿಸಿದ.

ಟೈಲರು ಆ ಬಟ್ಟೆಯನ್ನು ಬೆಳಕಿಗೆ ಹಿಡಿದ. ಹೊಲಿಗೆ ನೆಟ್ಟಗಿತ್ತು. ಮಗಳ ಮುಖ ನೋಡಿದ, ಮೋಟರ್ ನೋಡಿದ. ಆಮೇಲೆ ಬಟ್ಟೆಯನ್ನು ಮಗುಚಿ ಆ ಬದಿಯನ್ನೂ ನೋಡಿದ.