ಟ್ಯಾಂಕಿನ ಮುಚ್ಚಳಕ್ಕೆ ಕಟ್ಟಿದ ಕರಿದಾರ

ಗಾಡಿ ಇಟ್ಟುಕೊಂಡ ಗೆಳೆಯರೇ, ಇದು ನಿಮಗೇ. ನಮ್ಮ ಪೆಟ್ರೋಲ್ ಪಿಕಪ್‌ನಲ್ಲಿ ಎಂಜಿನ್ ಲೈಟ್ ಆರುತ್ತಲೇ ಇರಲಿಲ್ಲ, ಮೇಲೆ ಪೆಟ್ರೋಲ್ ವಾಸನೆ ಬೇರೆ. ಟ್ಯಾಂಕೇ ಹೋಯಿತೆಂದುಕೊಂಡು ಇವತ್ತು ಅವ್ವನನ್ನೂ ಕೂರಿಸಿಕೊಂಡು ತುರ್ವಿಹಾಳದಿಂದ ಸಿಂಧನೂರಿಗೆ, ಮೆಕ್ಯಾನಿಕ್ ಖಾಜಾಭಾಯ್ ಹತ್ತಿರ ಹೋದೆ.

ಅವರು ಸ್ಕ್ಯಾನರ್ ಹಚ್ಚಿ ನೋಡಿದರು. "ಟ್ಯಾಂಕಿನ ಆವಿ ಎಲ್ಲ್ಯೋ ಸೋರಾಕತ್ತೈತಿ. ಲೈಟ್ ಯಾವಾಗಿಂದ ಹತ್ತೈತಿ?"

"ಅಮಾಸಿಗೆ ಗಾಡಿ ಪೂಜಿ ಆದಾಗಿಂದ್ರೀ," ಎಂದೆ.

ಖಾಜಾಭಾಯ್ ಒಂದು ಪೈಪನ್ನೂ ಬಿಚ್ಚಲಿಲ್ಲ. ಸೀದಾ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದರು. ಪೂಜೆಯ ದಿನ ದೃಷ್ಟಿಗೆಂದು ಅವ್ವ ಅದಕ್ಕೆ ಕಟ್ಟಿದ್ದ ಕರಿದಾರದ ತುದಿ ಮುಚ್ಚಳದ ರಬ್ಬರಿನಡಿ ಸಿಕ್ಕಿಕೊಂಡಿತ್ತು. ಆವಿ ಅಲ್ಲಿಂದಲೇ ಸೋರುತ್ತಿತ್ತು. ನಾನು ದಾರ ಹರಿಯಲು ಕೈ ಹಾಕಿದೆ.

"ಹರದ್ರ ನೋಡು ಮತ್ತ!" ಅವ್ವ ಗದರಿದಳು.

"ತಡಿಯೋ," ಎನ್ನುತ್ತ ಖಾಜಾಭಾಯ್ ಗಂಟನ್ನು ಮೆಲ್ಲಗೆ ಬಿಚ್ಚಿ, ದಾರವನ್ನು ಅವ್ವನ ಕೈಗಿಟ್ಟರು. "ಯವ್ವಾ, ದೃಷ್ಟಿ ಎದುರಿಗಿಂದ ಬರ್ತೈತಿ. ಕನ್ನಡಿಗೆ ಕಟ್ಟು."

ಅವ್ವ ಕಟ್ಟುವಷ್ಟರಲ್ಲಿ ಅವರು ಮುಚ್ಚಳ ಬಿಗಿದು, ಸ್ಕ್ಯಾನರಿನಲ್ಲಿ ದೋಷ ಅಳಿಸಿದರು. ಲೈಟ್ ಆರಿತು.

"ನೋಡಿದ್ಯಾ? ದಾರದ ಜಾಗಾ ಬದಲಿ ಮಾಡಿದ ಕೂಡ್ಲೇ ಹೋತು!" ಎಂದಳು ಅವ್ವ.

"ಖರೇ ಯವ್ವಾ," ಎಂದರು ಖಾಜಾಭಾಯ್, ಸ್ಕ್ಯಾನರನ್ನು ಬೆನ್ನ ಹಿಂದೆ ಹಿಡಿದುಕೊಂಡು.

ಆ ದಾರವನ್ನು ಕನ್ನಡಿಗಲ್ಲ, ಈ ಮನುಷ್ಯನ ಕೈಗೇ ಕಟ್ಟಬೇಕಿತ್ತು.