ಎಡಗಿವಿಗೆ ಬಾರದ ಗಂಟೆ

ಸ್ವಲ್ಪ ತಡೆಯಿರಿ, ಎದ್ದು ಹೋಗಬೇಡಿ. ಕಿವಿ ಸೋರುವ ಕಥೆ ಯಾರಿಗೆ ಬೇಕು ಅನ್ನಿಸಬಹುದು. ಇದರೊಳಗೆ ಒಂದು ಗಂಟೆ ಬರುತ್ತದೆ. ಅದು ಬಾರಿಸುವವರೆಗಾದರೂ ಇರಿ.

ಮುದ್ದೇಬಿಹಾಳದಲ್ಲಿ ಮುತ್ತಣ್ಣನ ಸಿ.ಡಿ. ಅಂಗಡಿ. ಹಾಡುಗಳ ಪಟ್ಟಿ ಬರೆದುಕೊಟ್ಟರೆ ಸಿ.ಡಿ. ತುಂಬಿಸಿ ಕೊಡುತ್ತಾನೆ. ಜಾಗ ಉಳಿದರೆ ಖಾಲಿ ಬಿಡುವ ಪೈಕಿ ಅಲ್ಲ. ಸಂತೆಯಲ್ಲಿ ಕಾಯಿಪಲ್ಲೆಯವರು ಕೊಸರು ಹಾಕುವ ಹಾಗೆ, ಕೈಗೆ ಸಿಕ್ಕ ಹಾಡು ಮೇಲೆ ಸುರಿಯುತ್ತಾನೆ. ನನಗೆ ಬಂದ ಕೊಸರಿಗೆ ಹೆಸರೇ ಇರಲಿಲ್ಲ, ಬರೀ ಟ್ರ್ಯಾಕ್ ನಂಬರ್. ಮಾತಿಲ್ಲ. ಯಾರೋ ಕಂಪ್ಯೂಟರಿನಲ್ಲಿ ಮಾಡಿದ ಸಂಗೀತ. ಆಟಿಕೆ ಪಿಯಾನೊ, ಗುಳುಗುಳು ನೀರು, ನಿದ್ದೆಗಣ್ಣಲ್ಲಿ ಕುಣಿದಂಥ ತಾಳ, ನಡುನಡುವೆ ಒಂದು ಪುಟ್ಟ ಗಂಟೆ. ಇಂಥದ್ದು ಭೂಮಿ ಮೇಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ!

ಗೆಳೆಯ ಈರಣ್ಣನಿಗೆ ಕೇಳಿಸಿದೆ. "ಲೇ, ಮಿಕ್ಸರ್ ಕೆಟ್ಟಂಗ ಐತಲ್ಲೋ" ಅಂದ. ಆಮೇಲೆ ಯಾರಿಗೂ ಕೇಳಿಸಲಿಲ್ಲ. ಮಾಳಿಗೆ ಮೇಲೆ ಒಬ್ಬನೇ ಕೂತು, ಸಿ.ಡಿ. ವಾಕ್‌ಮನ್‌ಗೆ ಇಯರ್‌ಫೋನ್ ಹಾಕಿ ಕೇಳುತ್ತಿದ್ದೆ.

ಒಂದೇ ದೋಷ. ಗಂಟೆ ಒಮ್ಮೆ ಬಾರಿಸುತ್ತಿತ್ತು, ಒಮ್ಮೆ ಮಾಯ. ಜಗಳಕ್ಕೆಂದೇ ಅಂಗಡಿಗೆ ಹೋದೆ.

"ಅಣ್ಣಾ, ನಿನ್ನ ಕೊಸರು ಅರ್ಧ ಕೊಳತೈತಿ. ಗಂಟಿ ಕಟ್ ಆಗಾಕತ್ತೈತಿ."

ಮುತ್ತಣ್ಣ ನನ್ನ ಇಯರ್‌ಫೋನ್ ಹಾಕಿಕೊಂಡು ಕೇಳಿದ. ನಕ್ಕ. "ಎಲ್ಲಿ ಕಟ್ ಆಗೇತೋ ಹುಚ್ಚಪ್ಯಾ? ಈ ಕಿವಿಯಾಗ ಒಮ್ಮಿ, ಆ ಕಿವಿಯಾಗ ಒಮ್ಮಿ ಜಿಗದಾಡಾಕತ್ತೈತಿ."

ಇಯರ್‌ಫೋನನ್ನು ಎಡ-ಬಲ ಬದಲಿಸಿ ನನ್ನ ಕಿವಿಗೆ ಹಾಕಿದ. ಮೊದಲು ಕೇಳದ ಗಂಟೆಗಳೆಲ್ಲ ಈಗ ಕೇಳಿದವು. ಕೇಳಿದ್ದವು ಹೋದವು. ಹಾಗಂತ ಹೇಳಿದೆ. ಮುತ್ತಣ್ಣನ ನಗು ನಿಂತಿತು.

ಕೆಟ್ಟಿದ್ದು ಸಿ.ಡಿ. ಅಲ್ಲ, ಸಣ್ಣಂದಿನಿಂದ ಸೋರುತ್ತಿದ್ದ ನನ್ನ ಎಡಗಿವಿ.

ವಿಜಾಪುರದ ಇ.ಎನ್.ಟಿ. ಡಾಕ್ಟರು ಟೆಸ್ಟ್ ಮಾಡಿ ಅವ್ವನನ್ನು ಕೇಳಿದರು, "ಸೋರೂ ಕಿವಿಗೆ ಏನರ ಹಾಕ್ತಿದ್ರೇನ್ರಿ?"

"ಬಳ್ಳೊಳ್ಳಿ ಕಾಸಿದ ಎಣ್ಣಿರಿ. ಸಣ್ಣಾವಿದ್ದಾಗಿಂದ ನಾನ ಹಾಕೇನ್ರಿ."

"ಹಾಕಬಾರದಿತ್ರಿ. ಪರದೆ ತೂತಾಗಿ ಕೀವು ಎಲುಬಿಗೆ ಹೋಗೇತಿ. ಆಪರೇಷನ್ ಮಾಡಾಕs ಬೇಕು. ಕೇಳೂದು ತಿರುಗಿ ಬರ್ತೈತಂತ ಮಾತ್ರ ಹೇಳಾಕ ಬರಂಗಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಎಡಕ್ಕೆ ಕೂತಿದ್ದಳು. ಬಾಗೇವಾಡಿ ದಾಟಿತು. ಅವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಅವಳು ಎದ್ದು, ನನ್ನನ್ನು ಸರಿಸಿ, ಬಲಕ್ಕೆ ಬಂದು ಕೂತಳು.

"ಆ ಗಂಟಿ ನನಗೂ ಕೇಳಸು."

ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. "ಯಾರದೋ ಕೂಸು ಒಂದs ಆಡಾಕತ್ತೈತಿ," ಅಂದಳು.

ಆಪರೇಷನ್ ಆಯಿತು. ತಲೆ ತುಂಬ ಬ್ಯಾಂಡೇಜ್. ಎದ್ದರೆ ತಲೆ ಸುತ್ತು. ಇಯರ್‌ಫೋನ್ ಮುಟ್ಟುವಂತಿಲ್ಲ. ನೋಡಲು ಬಂದವರು ಬಲಗಿವಿಗೆ ಕೂಗಿ ಕೂಗಿ ಸಾಕಾಗಿ ಬೇಗ ಎದ್ದು ಹೋಗುತ್ತಿದ್ದರು. ಅವರ ತಪ್ಪಿಲ್ಲ. ಗೋಡೆ ನೋಡುತ್ತ ಮಲಗಿ, ಆ ಟ್ರ್ಯಾಕನ್ನು ತಲೆಯೊಳಗೇ ಬಾರಿಸಿಕೊಳ್ಳುತ್ತಿದ್ದೆ. ವಿಚಿತ್ರ ಅಂದರೆ ತಲೆಯೊಳಗೆ ಎರಡೂ ಕಡೆ ಕೇಳುತ್ತಿತ್ತು. ಅದು ನಿಂತರೆ ಮತ್ತೆ ಅದೇ, ಅರ್ಧವೇ ಕೇಳುವ ಊರು.

ವಾರಗಳು ಕಳೆದವು. ಕಿವಿಯೊಳಗಿನ ಪ್ಯಾಕ್ ತೆಗೆದರು. ಹಾಡು ಕೇಳಲು ಒಪ್ಪಿಗೆ ಸಿಕ್ಕ ದಿನ ಎಡಗಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡೆ. ಅವ್ವ ಎದುರಿಗೆ ನಿಂತಿದ್ದಳು.

ಏನೂ ಇಲ್ಲ. ಪಿಯಾನೊ ಇಲ್ಲ. ನೀರೂ ಇಲ್ಲ.

ಆಮೇಲೆ, ಪಕ್ಕದ ಮನೆಯಲ್ಲಿ ಯಾರೋ ಲೋಟಕ್ಕೆ ಚಮಚ ತಾಗಿಸಿದ ಹಾಗೆ, ಗಂಟೆ.

"ಬಂತೇನೋ?" ಅಂದಳು ಅವ್ವ. ತಲೆಯಾಡಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅರ್ಧ ಬಂದಿದೆ. ಇಷ್ಟಕ್ಕೇ ನಿಲ್ಲಬಹುದು ಎಂದಿದ್ದಾರೆ ಡಾಕ್ಟರು. ನಿಲ್ಲಲಿ. ಅವ್ವ ಈಗಲೂ ಮರೆತು ನನ್ನ ಬಲಕ್ಕೇ ಬಂದು ಕೂರುತ್ತಾಳೆ.

ನಿಮಗೂ ಯಾವುದೋ ಹಾಡು, ಯಾವುದೋ ಸದ್ದು ಕಾಯಿಲೆ ತೋರಿಸಿಕೊಟ್ಟಿದ್ದರೆ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ. ಜಿಗಿದಾಡುವ ಗಂಟೆಯ ಈ ಸಂಗೀತ ಯಾರದೆಂದು ಗೊತ್ತಿದ್ದರೆ ಅದನ್ನೂ ಹೇಳಿ. ಎಡಗಡೆಯ ಗಂಟೆ ತಡವಾಗಿ ತಲುಪಿತು ಅಂತ ಅವರಿಗೊಮ್ಮೆ ತಿಳಿಸಬೇಕು.